ಬೋರ್ಡು ತೆಗೆದರೆ ಇದು ಯಾವ ವಿಭಾಗ?

ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ವಿಭಾಗಗಳ ಮುಂದಿರುವ ಬೋರ್ಡುಗಳನ್ನೆಲ್ಲ ಒಂದು ದಿನದ ಮಟ್ಟಿಗೆ ತೆಗೆದಿಟ್ಟರು ಅಂದುಕೊಳ್ಳಿ. ಅರ್ಥಶಾಸ್ತ್ರ ಯಾವುದು, ಗಣಿತ ಯಾವುದು, ಇತಿಹಾಸ ಯಾವುದು ಅಂತ ಹೊಸಬರಿಗೆ ಗೊತ್ತಾಗುತ್ತದೆಯೇ? ರಸಾಯನಶಾಸ್ತ್ರವನ್ನು ವಾಸನೆಯಿಂದ ಹಿಡಿಯಬಹುದು. ಮೂಗು ಕಟ್ಟಿದ್ದರೆ ತಾರಸಿ ಮೇಲೆ ಸಾಲಾಗಿ ನಿಂತ ಕೊಳವೆಗಳಿಂದ ಹಿಡಿಯಬಹುದು. ಉಳಿದವು ಎಲ್ಲ ಒಂದೇ. ಮುಂದೆ ಪೋರ್ಟಿಕೋ, ಒಳಗೆ ಉದ್ದನೆಯ ಕಾರಿಡಾರ್, ಎರಡೂ ಕಡೆ ಕೋಣೆಗಳು, ಕೊನೆಯಲ್ಲಿ ಶೌಚಾಲಯ. ಹೊರಗೆ ಒಂದು ತುಂಡು ಲಾನ್, ಅದರ ಸುತ್ತ ಸೊಂಟದೆತ್ತರಕ್ಕೆ ಕತ್ತರಿಸಿದ ಬೇಲಿ ಗಿಡ, ಮೂಲೆಯಲ್ಲಿ 'ಹುಲ್ಲಿನ ಮೇಲೆ ನಡೆಯಬೇಡಿ'.

ನನಗೆ ಹೊಸ ಊರಿಗೆ ಹೋದಾಗ ಅಲ್ಲಿನ ವಿಶ್ವವಿದ್ಯಾಲಯದೊಳಗೆ ಸುಮ್ನೆ ಅಡ್ಡಾಡುವ ಚಟ ಇದೆ. ಕೆಲಸ ಏನೂ ಇರುವುದಿಲ್ಲ. ಗೇಟಿನಲ್ಲಿ ಕೇಳಿದರೆ ಲೈಬ್ರರಿ ಅನ್ನುತ್ತೇನೆ. ಹೀಗೆ ತಿರುಗಿ ತಿರುಗಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಒಂದು ವಿಭಾಗ ಒಳಗೆ ಏನು ಕಲಿಸುತ್ತದೋ ಅದರ ಒಂದಿಷ್ಟಾದರೂ ಅದರ ಅಂಗಳದಲ್ಲಿ ಕಾಣಬೇಕು. ಕಾಣುವ ಕಡೆ ಓದುವವರು, ಓದಿಸುವವರು ಹೊರಗೆ ನಿಂತು ಮಾತಾಡುತ್ತಿರುತ್ತಾರೆ. ಕಾಣದ ಕಡೆ ಅಂಗಳದಲ್ಲಿ ಬೈಕುಗಳು ಮಾತ್ರ ನಿಂತಿರುತ್ತವೆ.

ಎಲ್ಲ ಅಂಗಳವೂ ಒಂದೇ ಥರ ಆಗಲು ಕಾರಣ ತುಂಬ ಗಹನವಾದದ್ದೇನಲ್ಲ. ಕಟ್ಟಡದ ಕಡತ ಒಂದು ಕಚೇರಿಯಲ್ಲಿರುತ್ತದೆ, ತೋಟದ ಕಡತ ಇನ್ನೊಂದು ಕಚೇರಿಯಲ್ಲಿ. ಮೊದಲನೆಯವರು ಗೋಡೆ ಎಬ್ಬಿಸಿ, ಬಣ್ಣ ಹೊಡೆಸಿ, ಬಿಲ್ಲು ಮಾಡಿಸಿಕೊಂಡು ಹೋಗುತ್ತಾರೆ. ಉಳಿದ ಕಲ್ಲುಪುಡಿ, ಸಿಮೆಂಟು ಚೂರು, ಮುರಿದ ಇಟ್ಟಿಗೆಯ ಮೇಲೆ ಎರಡನೆಯವರು ಒಂದು ಲೋಡು ಕೆಂಪು ಮಣ್ಣು ಸುರಿಸುತ್ತಾರೆ. ಅಂಥ ನೆಲದಲ್ಲಿ ಬೇಗ ಬರುವುದು ಲಾನು ಮತ್ತು ಬೇಲಿ ಗಿಡವೇ. ಉದ್ಘಾಟನೆಯ ದಿನ ಹಸಿರಾಗಿ ಕಾಣಬೇಕಲ್ಲ! ಇನ್ನೂ ಅವಸರವಿದ್ದರೆ ಕ್ರೋಟನ್ ಕುಂಡಗಳು ಬಂದು ಮೆಟ್ಟಿಲ ಮೇಲೆ ಕೂರುತ್ತವೆ, ಸಮಾರಂಭ ಮುಗಿದ ಮೇಲೆ ಟ್ರ್ಯಾಕ್ಟರ್ ಹತ್ತಿ ಮುಂದಿನ ಸಮಾರಂಭಕ್ಕೆ ಹೋಗುತ್ತವೆ. ಈ ಇಡೀ ವ್ಯವಹಾರದಲ್ಲಿ ಆ ವಿಭಾಗದವರನ್ನು ಯಾರೂ ಏನೂ ಕೇಳುವುದಿಲ್ಲ. ಅವರೂ ಕೇಳಿಸಿಕೊಳ್ಳಲು ಹೋಗುವುದಿಲ್ಲ.

ಲಾನ್ ಬಗ್ಗೆ ಒಂದು ಸಣ್ಣ ಲೆಕ್ಕ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ಬಿಸಿಲು ಕಾಯುವ ದಿನ ಹುಲ್ಲಿಗೆ ಸುಮಾರು 5 ಮಿಲಿಮೀಟರ್ ಬೇಕು ಅಂತ ಇಟ್ಟುಕೊಳ್ಳಿ. 1,000 ಚದರ ಮೀಟರ್ ಲಾನು ದಿನಕ್ಕೆ 5,000 ಲೀಟರ್ ಕುಡಿಯುತ್ತದೆ. ಅಷ್ಟು ಕುಡಿದೂ ಯಾರೂ ಅದರ ಮೇಲೆ ಕೂರುವಂತಿಲ್ಲ. ಒಂದು ಮಳೆ ಮರವನ್ನೋ ಹೊಂಗೆಯನ್ನೋ ಮೊದಲ ಕೆಲವು ವರ್ಷ ಕಾಪಾಡಿದರೆ ಆಮೇಲೆ ಅದರ ನೀರನ್ನು ಅದೇ ನೋಡಿಕೊಳ್ಳುತ್ತದೆ. ಕೆಳಗೆ ಒಂದು ತರಗತಿಯಷ್ಟು ಜನ ಕೂರಬಹುದು.

ಆದರೆ ಎಲ್ಲ ಲಾನನ್ನೂ ಬೈಯುವ ಹಾಗಿಲ್ಲ. ಭೂಗೋಳ ವಿಭಾಗಗಳ ಮುಂದೆ ಕೆಲವೊಮ್ಮೆ ಬಿಳಿ ಬಣ್ಣದ ಒಂದು ಮರದ ಪೆಟ್ಟಿಗೆ ನಾಲ್ಕು ಕಾಲಿನ ಮೇಲೆ ನಿಂತಿರುವುದನ್ನು ನೋಡಿರಬಹುದು. ಪಾರಿವಾಳದ ಗೂಡು ಅಂತ ನಾನು ತುಂಬ ದಿನ ಅಂದುಕೊಂಡಿದ್ದೆ. ಅದು ಹವಾಮಾನ ಅಳೆಯುವ ಪೆಟ್ಟಿಗೆ. 19ನೇ ಶತಮಾನದಲ್ಲಿ ದೀಪಸ್ತಂಭಗಳನ್ನು ಕಟ್ಟುತ್ತಿದ್ದ ಸ್ಕಾಟ್ಲೆಂಡಿನ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ ರೂಪಿಸಿದ್ದು. ಹತ್ತಿರ ಹೋಗಿ ನೋಡಿದರೆ ಎಷ್ಟು ಯೋಚಿಸಿ ಮಾಡಿದ್ದಾರೆ ಅನಿಸುತ್ತದೆ. ನಾಲ್ಕೂ ಬದಿಗೆ ಓರೆ ಪಟ್ಟಿಗಳ ಎರಡು ಪದರ, ಗಾಳಿ ಆಡಬೇಕು ಆದರೆ ಬಿಸಿಲು ಒಳಗೆ ಬರಬಾರದು. ಬಿಳಿ ಬಣ್ಣ, ಶಾಖ ಹಿಡಿಯಬಾರದು ಅಂತ. ಭೂಮಿಯ ಉತ್ತರಾರ್ಧದಲ್ಲಿದ್ದರೆ ಬಾಗಿಲು ಉತ್ತರಕ್ಕೆ. ಓದಲು ತೆರೆದಾಗ ಸೂರ್ಯ ನೇರ ಥರ್ಮಾಮೀಟರಿನ ಮೇಲೆ ಬೀಳಬಾರದಲ್ಲ. ಕೆಳಗೆ ಬರಿ ನೆಲವಾಗಲಿ ಕಾಂಕ್ರೀಟಾಗಲಿ ಇದ್ದರೆ ಕಾವು ಮೇಲೆ ಬಂದು ಲೆಕ್ಕ ತಪ್ಪುತ್ತದೆ, ಅದಕ್ಕೆ ಗಿಡ್ಡ ಹುಲ್ಲು ಬೇಕು. ಇಲ್ಲಿ ಲಾನಿಗೊಂದು ಕೆಲಸ ಇದೆ, ನೋಡಿ! ಪಕ್ಕದಲ್ಲಿ ಮಳೆಮಾಪಕ ಇರುತ್ತದೆ. ಹತ್ತಿರದ ಮರ ಎಷ್ಟು ಎತ್ತರವೋ ಕನಿಷ್ಠ ಅದರ ಎರಡರಷ್ಟು ದೂರ ಬಿಡಬೇಕು ಅನ್ನುವುದು ಅದರ ನಿಯಮ.

ಒಂದು ಕಡೆ ಈ ಪೆಟ್ಟಿಗೆಗೆ ಮೂರಡಿ ದೂರದಲ್ಲಿ ಅಶೋಕದ ಸಸಿಗಳನ್ನು ಸಾಲಾಗಿ ನೆಟ್ಟಿದ್ದರು. ತೋಟದವರಿಗೆ ಅದು ಖಾಲಿ ಜಾಗ, ಅಷ್ಟೇ. ಮೇಷ್ಟ್ರೊಬ್ಬರು ಬಂದು ತಲೆ ಚಚ್ಚಿಕೊಳ್ಳುತ್ತಿದ್ದರು. ನಾನು ಹೇಳಿದ ಎರಡು ಕಡತಗಳ ಕತೆ ಇದೇ.

ಭೂವಿಜ್ಞಾನದವರು ಈ ವಿಷಯದಲ್ಲಿ ಅದೃಷ್ಟವಂತರು. ಅವರಿಗೆ ನಾಲ್ಕು ದೊಡ್ಡ ಬಂಡೆ ತಂದು ಅಂಗಳದಲ್ಲಿ ಇಟ್ಟರೆ ಸಾಕು. ನೀರು ಬೇಡ, ಗೊಬ್ಬರ ಬೇಡ, ಯಾರೂ ಕದಿಯುವುದಿಲ್ಲ. ಜತೆಗೆ ಕೂರಲು ಜಾಗ.

ವಿಷಯವೂ ಕಟ್ಟಡವೂ ಅಂಗಳವೂ ಒಂದೇ ಕೈಯಲ್ಲಿ ಮೂಡಿದ ಜಾಗಗಳು ಇಲ್ಲದಿಲ್ಲ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯ 1819ರಲ್ಲಿ ಸ್ಥಾಪನೆಯಾಯಿತು. ನಕ್ಷೆ ಹಾಕಿದ್ದು ಅಲ್ಲಿನ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್. ಉದ್ದನೆಯ ಹಸಿರು ಬಯಲು, ಅದರ ಎರಡು ಬದಿಗೆ ಐದೈದರಂತೆ ಹತ್ತು ಮನೆಗಳು. ಒಂದೊಂದು ಮನೆ ಒಬ್ಬೊಬ್ಬ ಪ್ರಾಧ್ಯಾಪಕರದು. ವಾಸವೂ ಅಲ್ಲೇ, ಪಾಠವೂ ಅಲ್ಲೇ. ಮನೆಗಳ ನಡುವಿನ ಸಾಲಿನಲ್ಲಿ ವಿದ್ಯಾರ್ಥಿಗಳ ಕೋಣೆಗಳು, ಎಲ್ಲವನ್ನೂ ಜೋಡಿಸುವ ಕಂಬಸಾಲಿನ ಜಗಲಿ. ಹತ್ತು ಮನೆಗಳೂ ಹತ್ತು ಥರ. ವಾಸ್ತುಶೈಲಿಯ ಪಾಠ ಮಾಡುವಾಗ ಕೈ ತೋರಿಸಲು ಮಾದರಿ ಬೇಕು ಅನ್ನುವುದು ಅವರ ಆಲೋಚನೆ. ಬಯಲಿನ ತುದಿಯಲ್ಲಿ ಚರ್ಚು ಇರಬೇಕಾದ ಜಾಗದಲ್ಲಿ ಲೈಬ್ರರಿ. ಮನೆಗಳ ಹಿಂದೆ ತೋಟಗಳು, ತೋಟಗಳಿಗೆ ಹಾವಿನಂತೆ ಬಳುಕುವ ಇಟ್ಟಿಗೆ ಗೋಡೆ. ಆ ಗೋಡೆಯ ದಪ್ಪ ಒಂದೇ ಇಟ್ಟಿಗೆ. ನೇರವಾಗಿ ಕಟ್ಟಿದ್ದರೆ ಬಿದ್ದುಹೋಗುತ್ತಿತ್ತು, ಬಳುಕಿಸಿದ್ದರಿಂದ ನಿಂತಿದೆ. 1987ರಲ್ಲಿ ಇದು ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ಇಷ್ಟು ಹೇಳಿ ಮುಂದೆ ಹೋಗುವುದು ಸರಿಯಲ್ಲ. ಆ ಇಟ್ಟಿಗೆ ಸುಟ್ಟವರಲ್ಲಿ, ಗೋಡೆ ಕಟ್ಟಿದವರಲ್ಲಿ ಗುಲಾಮರಾಗಿದ್ದ ಕಪ್ಪುಜನ ದೊಡ್ಡ ಸಂಖ್ಯೆಯಲ್ಲಿದ್ದರು. ಚೆಂದದ ಗೋಡೆಗಳ ಆಚೆ, ಹಿತ್ತಿಲಲ್ಲಿ ಅವರ ದುಡಿಮೆ ನಡೆಯುತ್ತಿತ್ತು. ಅವರ ನೆನಪಿಗೆ ಅಲ್ಲೊಂದು ಸ್ಮಾರಕ ಬಂದದ್ದು 2020ರಲ್ಲಿ, ಸುಮಾರು ಇನ್ನೂರು ವರ್ಷ ತಡವಾಗಿ. ಅಂಗಳದಲ್ಲಿ ವಿಷಯ ಕಾಣಬೇಕು ಅಂದೆನಲ್ಲ, ಇತಿಹಾಸ ವಿಭಾಗಕ್ಕೆ ಅದಕ್ಕಿಂತ ನೇರವಾದ ಪಾಠ ಇನ್ನೊಂದಿಲ್ಲ.

ನಮ್ಮ ದೇಶದಲ್ಲಿ ಈ ಮಾತಿಗೆ ನನ್ನ ಮೊದಲ ಸಾಕ್ಷಿ ಪುಣೆಯ ಖಗೋಳ ವಿಜ್ಞಾನ ಕೇಂದ್ರ, ಐಯುಕಾ. ವಿಶ್ವವಿದ್ಯಾಲಯದ ಆವರಣದಲ್ಲೇ 1988ರಲ್ಲಿ ಶುರುವಾಯಿತು. ಜಯಂತ ನಾರ್ಳೀಕರ್ ಮೊದಲ ನಿರ್ದೇಶಕರು, ಕಟ್ಟಡ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರದು. ಕಪ್ಪು ಬಸಾಲ್ಟ್ ಕಲ್ಲಿನ ಗೋಡೆ, ಗೋಡೆಯ ನೆತ್ತಿಯಲ್ಲಿ ನುಣುಪಾದ ಕಪ್ಪು ಗ್ರಾನೈಟ್. ಆ ಗ್ರಾನೈಟ್‌ನಲ್ಲಿ ಮೋಡ ಕಾಣುವುದರಿಂದ ಗೋಡೆ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಅಂತ ಕಣ್ಣಿಗೆ ಗೊಂದಲ. ನಡುವಿನ ಅಂಗಳ ಕಲ್ಯಾಣಿಯ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಅಲ್ಲಿ ಆರ್ಯಭಟ, ಗೆಲಿಲಿಯೋ, ನ್ಯೂಟನ್, ಐನ್‌ಸ್ಟೈನ್ ಪ್ರತಿಮೆಗಳಿವೆ. ಪ್ರತಿಮೆ ಅಂದರೆ ಎತ್ತರದ ಪೀಠ, ಸುತ್ತ ಸರಪಳಿ ಅಂತ ಅಂದುಕೊಳ್ಳಬೇಡಿ, ಅಲ್ಲಿ ಓಡಾಡುವವರ ನಡುವೆ ಅವರೂ ಇದ್ದಾರೆ. ಇನ್ನೊಂದು ಅಂಗಳದ ನೆಲಹಾಸಿನಲ್ಲಿ ತ್ರಿಕೋನದೊಳಗೆ ತ್ರಿಕೋನ, ಅದರೊಳಗೆ ಮತ್ತೆ ತ್ರಿಕೋನ. ಇದು ಸಿಯರ್ಪಿನ್ಸ್ಕಿ ಅನ್ನುವ ಗಣಿತಜ್ಞನ ಹೆಸರಿನ ಆಕೃತಿ. ಭೂಮಿ ತಿರುಗುವುದನ್ನು ತೋರಿಸುವ ಫೂಕೋ ಲೋಲಕವೂ ಇದೆ. ಇಲ್ಲಿ ಬೋರ್ಡು ಕಿತ್ತುಹಾಕಿದರೂ ಯಾರಿಗೂ ಅನುಮಾನ ಬರುವುದಿಲ್ಲ.

ಇದಕ್ಕೆ ಇಷ್ಟೊಂದು ಗ್ರಾನೈಟ್ ಬೇಕೇ ಬೇಕು ಅಂತೇನೂ ಇಲ್ಲ. ಶಾಂತಿನಿಕೇತನದ ಕಲಾಭವನ ಹುಟ್ಟಿದ್ದು 1919ರಲ್ಲಿ. ಅಲ್ಲಿನ 'ಕಪ್ಪು ಮನೆ' ಮಣ್ಣಿನದು. ಮಳೆಯಿಂದ ಉಳಿಯಲು ಗೋಡೆಗೆ ಟಾರು ಬಳಿದಿದ್ದಾರೆ, ಮೈತುಂಬ ಉಬ್ಬುಚಿತ್ರ ಬಿಡಿಸಿದ್ದಾರೆ. ಮಾಡಿದ್ದು ಅಲ್ಲಿನ ಮೇಷ್ಟ್ರು, ವಿದ್ಯಾರ್ಥಿಗಳೇ. ಬಯಲಲ್ಲಿ ನಿಂತ ರಾಮಕಿಂಕರ್ ಬೈಜ್ ಅವರ ಸಂತಾಲ್ ಕುಟುಂಬದ ಶಿಲ್ಪ 1938ರದ್ದು. ಕಂಚಿಗೆ, ಅಮೃತಶಿಲೆಗೆ ದುಡ್ಡೆಲ್ಲಿಂದ ಬರಬೇಕು? ಸಿಮೆಂಟು, ಅಲ್ಲೇ ಸಿಗುವ ಜಂಬಿಟ್ಟಿಗೆ ಹರಳು ಸೇರಿಸಿ ಮಾಡಿದರು. ಅಪ್ಪ, ಅಮ್ಮ, ಮಕ್ಕಳು, ಜತೆಗೊಂದು ನಾಯಿ, ಸಾಮಾನು ಹೊತ್ತು ನಡೆದು ಹೋಗುತ್ತಿದ್ದಾರೆ. ಮುಖದಲ್ಲಿ ಆ ಹರಳುಗಳ ಒರಟು ಹಾಗೇ ಇದೆ, ನಯ ಮಾಡಲು ಹೋಗಿಲ್ಲ. ಇನ್ನು ಮರದ ಕೆಳಗಿನ ತರಗತಿಗಳ ಬಗ್ಗೆ ಎಲ್ಲರಿಗೂ ಗೊತ್ತು. ಅಲ್ಲಿ ಘಟಿಕೋತ್ಸವದಲ್ಲಿ ಹಾಲೆ ಮರದ ಎಲೆ ಕೊಡುವ ಪದ್ಧತಿಯೂ ಬೆಳೆಯಿತು. 2023ರಲ್ಲಿ ಶಾಂತಿನಿಕೇತನವೂ ವಿಶ್ವ ಪರಂಪರೆ ಪಟ್ಟಿಗೆ ಬಂತು.

ಎಲ್ಲಕ್ಕಿಂತ ಮಜಾ ಇರುವುದು ಆರ್ಕಿಟೆಕ್ಚರ್ ವಿಭಾಗಗಳಲ್ಲಿ. ಪಾಠ ಹೇಳುವವರೇ ತಮ್ಮ ವಿಭಾಗದ ಕಟ್ಟಡ ಕಟ್ಟಿಬಿಟ್ಟರೆ ಏನಾಗುತ್ತದೆ? ಶಿಕಾಗೋದ ಇಲಿನಾಯ್ ತಂತ್ರಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದ ಮೀಸ್ ವಾನ್ ಡರ್ ರೋಹ 1956ರಲ್ಲಿ ತಮ್ಮ ವಿಭಾಗದ ಕಟ್ಟಡ ಕ್ರೌನ್ ಹಾಲ್ ಮುಗಿಸಿದರು. 220 ಅಡಿ ಉದ್ದ, 120 ಅಡಿ ಅಗಲದ ಒಂದೇ ಹಜಾರ, ಒಳಗೆ ಒಂದೂ ಕಂಬ ಇಲ್ಲ. ಸುತ್ತ ಗಾಜು. ಕೂತವರ ಕಣ್ಣೆತ್ತರದ ಗಾಜು ಮಸುಕು, ಮೇಲಿನದು ತಿಳಿ. ಹಾಗಾಗಿ ಕೂತಲ್ಲಿಂದ ಕಾಣುವುದು ಮರದ ತಲೆ ಮತ್ತು ಆಕಾಶ. ಆ ಕ್ಯಾಂಪಸ್ಸಿನ ಗಿಡಮರಗಳ ವಿನ್ಯಾಸ ಆಲ್ಫ್ರೆಡ್ ಕಾಲ್ಡ್‌ವೆಲ್ ಅವರದು, ಅವರೂ ಅಲ್ಲೇ ಪಾಠ ಮಾಡುತ್ತಿದ್ದವರು. ಇನ್ನೊಂದು ಕಡೆ ಅಮೆರಿಕದ್ದೇ ಯೇಲ್ ವಿಶ್ವವಿದ್ಯಾಲಯದಲ್ಲಿ ವಿಭಾಗದ ಮುಖ್ಯಸ್ಥರಾಗಿದ್ದ ಪಾಲ್ ರುಡಾಲ್ಫ್ 1963ರಲ್ಲಿ ಕಾಂಕ್ರೀಟಿನ ಕೋಟೆಯನ್ನೇ ಕಟ್ಟಿದರು. ಗೋಡೆಗೆ ಮೈ ತಾಗಿದರೆ ತರಚುವಷ್ಟು ಒರಟು. ಹೊರಗಿನವರು ಹೊಗಳಿದರು, ಒಳಗಿದ್ದ ಹುಡುಗರು ಗೊಣಗಿದರು. 1969ರಲ್ಲಿ ಬೆಂಕಿ ಬಿತ್ತು. ಕಟ್ಟಡ ಮತ್ತೆ ಮೊದಲಿನ ರೂಪಕ್ಕೆ ಬಂದದ್ದು 2008ರಲ್ಲಿ.

ನನ್ನ ಓಟು ಅಹಮದಾಬಾದಿಗೆ. ಬಾಲಕೃಷ್ಣ ದೋಶಿ 1962ರಲ್ಲಿ ಆರ್ಕಿಟೆಕ್ಚರ್ ಶಾಲೆ ಶುರು ಮಾಡಿದರು, ಆಮೇಲೆ ಅದಕ್ಕೆ ಕಟ್ಟಡ ಕಟ್ಟಿದರು. ಜಾಗ ಏರುತಗ್ಗಿನದು. ಅದನ್ನು ಬುಲ್ಡೋಜರ್ ಬಿಟ್ಟು ಚಪ್ಪಟೆ ಮಾಡುವ ಬದಲು ಏರುತಗ್ಗನ್ನೇ ಮೆಟ್ಟಿಲು, ಕಟ್ಟೆ ಮಾಡಿಕೊಂಡರು. ಸ್ಟುಡಿಯೋಗಳಿಗೆ ಉತ್ತರದ ಬೆಳಕು. ಕಟ್ಟಡದ ಕೆಳಗೆ ತೆರೆದ ನೆರಳು, ಅಲ್ಲಿ ಯಾರು ಬೇಕಾದರೂ ಕೂರಬಹುದು. ಒಳಗೆ ಎಲ್ಲಿ ಮುಗಿಯಿತು, ಹೊರಗೆ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯಲು ಆಗದ ಹಾಗೆ ಇದೆ. ಬೆಂಗಳೂರಿನ ಐಐಎಂನಲ್ಲೂ ಅವರದೇ ಕೈ. ಒರಟು ಕಲ್ಲಿನ ಗೋಡೆಗಳ ನಡುವೆ ಅಗಲವಾದ ಕಾರಿಡಾರುಗಳು, ಮೇಲೆ ಅಲ್ಲಲ್ಲಿ ಚಾವಣಿಯ ಬದಲು ಬರೀ ತೊಲೆಗಳು, ತೊಲೆಗಳಿಂದ ಇಳಿಬಿದ್ದ ಬಳ್ಳಿ, ಬಿಸಿಲಿನ ಪಟ್ಟೆ. ತರಗತಿಯಿಂದ ತರಗತಿಗೆ ಹೋಗುವಷ್ಟರಲ್ಲಿ ತೋಟವನ್ನೇ ದಾಟಿ ಹೋದ ಹಾಗಿರುತ್ತದೆ.

ಹೊರಗಿನ ನೆಲ, ಬಿಸಿಲು ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಎಂಥ ಕಟ್ಟಡವೂ ಕಷ್ಟ ಕೊಡುತ್ತದೆ. ಕೇಂಬ್ರಿಜ್‌ನ ಇತಿಹಾಸ ವಿಭಾಗದ ಕಟ್ಟಡವನ್ನು ಜೇಮ್ಸ್ ಸ್ಟರ್ಲಿಂಗ್ ವಿನ್ಯಾಸ ಮಾಡಿದರು, ಮುಗಿದದ್ದು 1968ರಲ್ಲಿ. ಓದುವ ಹಾಲ್‌ನ ಮೇಲೆ ದೊಡ್ಡ ಗಾಜಿನ ಇಳಿಜಾರು ಚಾವಣಿ. ವಿನ್ಯಾಸ ಒಪ್ಪಿಗೆಯಾದ ಮೇಲೆ ಪಕ್ಕದ ಜಾಗ ಸಿಗಲಿಲ್ಲ ಅಂತ ಇಡೀ ಕಟ್ಟಡವನ್ನು 90 ಡಿಗ್ರಿ ತಿರುಗಿಸಿ ಕೂರಿಸಿದರು! ನಕ್ಷೆಯಲ್ಲಿ ತಿರುಗಿಸುವುದು ಸುಲಭ, ಸೂರ್ಯ ತಿರುಗಬೇಕಲ್ಲ. ಬೇಸಿಗೆಯಲ್ಲಿ ಒಳಗೆ ಬೇಯುವುದು, ಚಳಿಯಲ್ಲಿ ನಡುಗುವುದು, ಮಳೆಯಲ್ಲಿ ಸೋರುವುದು. ಕೆಡವಿಬಿಡೋಣ ಅನ್ನುವವರೆಗೆ ಮಾತು ಹೋಗಿತ್ತು. ಕೊನೆಗೆ ಕೆಡವಲಿಲ್ಲ, ಈಗ ಅದು ಸಂರಕ್ಷಿತ ಕಟ್ಟಡ.

ಇದಕ್ಕೆ ತದ್ವಿರುದ್ಧ ಕತೆ ಅಮೆರಿಕದ ಎಂಐಟಿಯ 20ನೇ ನಂಬರಿನ ಕಟ್ಟಡದ್ದು. ಯುದ್ಧದ ಕಾಲದಲ್ಲಿ, 1943ರಲ್ಲಿ, ರೇಡಾರ್ ಸಂಶೋಧನೆಗೆ ಅಂತ ಮರದಲ್ಲಿ ಅವಸರವಾಗಿ ಎಬ್ಬಿಸಿದ ಮೂರು ಮಹಡಿ. ಯುದ್ಧ ಮುಗಿದ ಕೂಡಲೇ ಕೆಡವಬೇಕಿತ್ತು. 1998ರವರೆಗೆ ನಿಂತಿತ್ತು. ನೋಡಲು ಏನೂ ಚೆಂದ ಇರಲಿಲ್ಲ, ಸೆಕೆ, ಕಿರುಗುಟ್ಟುವ ನೆಲ. ಆದರೆ ಗೋಡೆ ಒಡೆಯಲು ಯಾರ ಅಪ್ಪಣೆಯೂ ಬೇಡ. ಜೆರೊಲ್ಡ್ ಜಕಾರಿಯಾಸ್ ಅನ್ನುವ ಭೌತವಿಜ್ಞಾನಿ ತಮ್ಮ ಪರಮಾಣು ಗಡಿಯಾರದ ಪ್ರಯೋಗಕ್ಕೆ ಎತ್ತರ ಸಾಲದು ಅಂತ ಮಹಡಿಗಳ ನೆಲವನ್ನೇ ತೆಗೆಸಿದರು. ನೋಮ್ ಚಾಮ್‌ಸ್ಕಿ ಇದ್ದ ಭಾಷಾಶಾಸ್ತ್ರದವರೂ ಅಲ್ಲೇ, ಎಲೆಕ್ಟ್ರಾನಿಕ್ಸ್‌ನವರೂ ಅಲ್ಲೇ, ಆಟಿಕೆ ರೈಲು ಓಡಿಸುವ ಹುಡುಗರ ಕ್ಲಬ್ಬೂ ಅಲ್ಲೇ. ಮಾಡುವ ಕೆಲಸವೇ ಕಟ್ಟಡದ ಮೈಮೇಲೆ ಮೂಡುತ್ತಾ ಹೋಯಿತು. ನಮ್ಮಲ್ಲಿ ಒಂದು ಮೊಳೆ ಹೊಡೆಯಲೂ ಅರ್ಜಿ ಬೇಕು. ಅರ್ಜಿ ಹಾಕಲು ಬೇಜಾರಾಗಿ ಚಾರ್ಟುಗಳೆಲ್ಲ ಬೀರುವಿನ ಮೇಲೆ ಸುತ್ತಿಕೊಂಡು ಮಲಗಿರುತ್ತವೆ.

ಮರಗಳ ವಿಷಯಕ್ಕೆ ಬರೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಶುರುವಾದಾಗ ಅದು ಕುರುಚಲು ಗಿಡಗಳ ಬಯಲು. ಈಗ ಅಲ್ಲಿ ಮರಗಳ ಕೆಳಗೆ ಮಧ್ಯಾಹ್ನವೂ ತಂಪು, ಕಾಡುಪಾಪ ಕೂಡ ವಾಸವಾಗಿದೆ. 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ವಾಸ್ತುಶಿಲ್ಪಿ ಆಟೋ ಕೋನಿಗ್ಸ್‌ಬರ್ಗರ್ ಇಲ್ಲಿ ಏರೋನಾಟಿಕ್ಸ್, ಲೋಹಶಾಸ್ತ್ರ ವಿಭಾಗಗಳಿಗೆ ಕಟ್ಟಡ ಮಾಡಿಕೊಟ್ಟರು. ಗಾಳಿ ಎತ್ತಲಿಂದ ಬರುತ್ತದೆ, ಬಿಸಿಲು ಎಲ್ಲಿ ಬೀಳುತ್ತದೆ ಅನ್ನುವುದೇ ಅವರ ಮೊದಲ ಪ್ರಶ್ನೆ. ಏರೋಸ್ಪೇಸ್‌ನವರ ಗಾಳಿ ಸುರಂಗ 14 ಅಡಿ ಅಗಲ, 9 ಅಡಿ ಎತ್ತರದ್ದು. ಅವರಿಗೂ ಬೋರ್ಡು ಬೇಕಿಲ್ಲ. ಪರಿಸರ ವಿಜ್ಞಾನದವರಂತೂ 1980ರ ದಶಕದಲ್ಲಿ ಪಶ್ಚಿಮಘಟ್ಟದ ಜಾತಿಯ ಸಸಿಗಳನ್ನು ತಂದು ಸುಮಾರು 1.5 ಹೆಕ್ಟೇರಿನಲ್ಲಿ ಪುಟ್ಟ ಕಾಡನ್ನೇ ಬೆಳೆಸಿದರು. ಇದಲ್ವಾ ವಿಭಾಗದ ಅಂಗಳ ಅಂದರೆ! ಅಲ್ಲಿ ಉದುರಿದ ಎಲೆ ಗುಡಿಸಿ ಸುಡುವವರಿಲ್ಲ, ಎಲೆಯೂ ಪಾಠವೇ.

ಬೇರೆ ಕಡೆ ಮರಗಳಿಗೆ ಇಂಥ ಭಾಗ್ಯ ಇಲ್ಲ. ವಿಭಾಗ ಬೆಳೆಯುತ್ತದೆ, ಹೊಸ ಕೋರ್ಸು ಬರುತ್ತದೆ, ಹೊಸ ಬ್ಲಾಕಿಗೆ ಮಂಜೂರಾತಿ ಸಿಗುತ್ತದೆ. ಬ್ಲಾಕು ಎಲ್ಲಿ? ಹಿಂದಿನ ಮರಗಳಿರುವ ಕಡೆ, ಯಾಕೆಂದರೆ ಮುಂದಿನ ಲಾನು ಕೆಡಿಸುವಂತಿಲ್ಲ. ಮರ ಹೋದ ಮೇಲೆ ಪಶ್ಚಿಮದ ಗೋಡೆ ಸಂಜೆವರೆಗೂ ಕಾಯುತ್ತದೆ. ಒಂದೊಂದೇ ಏಸಿ ಬರುತ್ತದೆ. ಅವುಗಳ ಡಬ್ಬಗಳು ಕಿಟಕಿ ಕೆಳಗೆ ನೇತುಬೀಳುತ್ತವೆ, ಬಿಸಿಗಾಳಿ ಊದುತ್ತವೆ, ಪೈಪಿನಿಂದ ತೊಟ್ಟಿಕ್ಕುವ ನೀರಿಗೆ ಗೋಡೆ ಪಾಚಿಗಟ್ಟುತ್ತದೆ. ಕಿಟಕಿ ಮುಚ್ಚಿದ ಮೇಲೆ ಹೊರಗೆ ಏನಿದ್ದರೆ ಏನು ಅನ್ನುವ ಸ್ಥಿತಿ.

ಇನ್ನೊಂದು ವಿಷಯ ನನ್ನನ್ನು ಯಾವಾಗಲೂ ಕೆಣಕುತ್ತದೆ. ಮುಂಬಾಗಿಲಿಗೆ ಹತ್ತು ಮೆಟ್ಟಿಲಿನ ಠೀವಿ, ಗಾಲಿಕುರ್ಚಿಯ ರ‍್ಯಾಂಪು ಮಾತ್ರ ಹಿಂದಿನ ಜನರೇಟರ್ ಪಕ್ಕ. ಅಲ್ಲಿಗೆ ಹೋಗುವ ದಾರಿಗೆ ನೆಲಹಾಸೂ ಇರುವುದಿಲ್ಲ. ರ‍್ಯಾಂಪು ತಲುಪಲು ಇನ್ನೊಂದು ರ‍್ಯಾಂಪು ಬೇಕು. ಸಮಾನತೆಯ ಬಗ್ಗೆ ಪೇಪರು ಬರೆಯುವ ವಿಭಾಗಗಳಲ್ಲೇ ಇದನ್ನು ಜಾಸ್ತಿ ನೋಡಿದ್ದೇನೆ ಅಂದರೆ ಕೆಲವರಿಗೆ ಸಿಟ್ಟು ಬರಬಹುದು.

ಹಾಗಾದರೆ ಅರ್ಥಶಾಸ್ತ್ರದವರು, ಗಣಿತದವರು ಅಂಗಳದಲ್ಲಿ ಏನಿಡಬೇಕು ಅಂತ ಕೇಳುತ್ತೀರಿ. ಅರ್ಥಶಾಸ್ತ್ರದವರ ಮಟ್ಟಿಗೆ ನನಗೂ ಏನೂ ಹೊಳೆದಿಲ್ಲ. ಲಾನಿನ ನೀರಿನ ಖರ್ಚನ್ನು ಒಂದು ಹಲಗೆಯಲ್ಲಿ ಬರೆದು ನಿಲ್ಲಿಸಿದರೆ ಆರಂಭಕ್ಕೆ ಸಾಕೇನೋ. ಗಣಿತದವರ ಸಮಸ್ಯೆ ಸುಲಭ. ಕೇಂಬ್ರಿಜ್‌ನಲ್ಲಿ ನ್ಯೂಟನ್ ಹೆಸರಿನ ಗಣಿತ ಸಂಸ್ಥೆ ಇದೆ, ಅಲ್ಲಿ ಕಪ್ಪುಹಲಗೆಗಳು ಕಾರಿಡಾರಿನಲ್ಲಷ್ಟೇ ಅಲ್ಲ, ಲಿಫ್ಟಿನಲ್ಲಿ, ಶೌಚಾಲಯದಲ್ಲಿ ಕೂಡ ಇವೆ. ನಮ್ಮ ಹವೆಗೆ ಅದನ್ನು ಹೊರಗೇ ಹಾಕಬಹುದು. ಮರದ ಕೆಳಗೆ ಒಂದು ಕಟ್ಟೆ, ಕಟ್ಟೆಯ ಹಿಂದೆ ನುಣ್ಣಗೆ ಗಾರೆ ಮಾಡಿ ಕಪ್ಪು ಬಳಿದ ಗೋಡೆ, ಮೇಲೆ ಎರಡಡಿ ಸಜ್ಜಾ. ಗೋಡೆ ಉತ್ತರಕ್ಕೆ ಮುಖ ಮಾಡಿರಲಿ, ಬಿಸಿಲು ಕಣ್ಣು ಕುಕ್ಕುವುದಿಲ್ಲ. ಸೀಮೆಸುಣ್ಣ ಇಡಲು ಒಂದು ಗೂಡು ಬಿಡಿ. ಕಟ್ಟಡದ ಕಡತದವರು ಗೋಡೆ ಕಟ್ಟಲಿ, ತೋಟದ ಕಡತದವರು ಮರ ನೋಡಿಕೊಳ್ಳಲಿ, ಒಂದೇ ದಿನ ಬಂದು ಜಾಗ ಗುರುತು ಮಾಡಿಕೊಳ್ಳಲಿ. ಬೇರು ಗೋಡೆಯನ್ನು ಎತ್ತಿಬಿಡದ ಹಾಗೆ ಎಷ್ಟು ದೂರ ಬಿಡಬೇಕು ಅಂತ ಮಾಲಿಯನ್ನೇ ಕೇಳಿ, ಎಂಜಿನಿಯರಿಗಿಂತ ಚೆನ್ನಾಗಿ ಹೇಳುತ್ತಾರೆ.